ಕೊನೆಯ ಕೋಣೆಯ ಪ್ಯಾಕೇಜು

ಕದ ತೆರೆಸಿ ನೋಡದೆ ಯಾವ ಹೆಸರನ್ನೂ ಪಟ್ಟಿಗೆ ಸೇರಿಸಬಾರದು, ಬಿಡಲೂಬಾರದು. ಒಂದು ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿಯಲ್ಲಿದ್ದ ನಿಯಮ ಇದೊಂದೇ. ಅದನ್ನೂ ಯಾರೂ ಪಾಲಿಸುತ್ತಿರಲಿಲ್ಲ. ಅಲ್ಲಿ ಕೋಣೆಗೊಂದರಂತೆ ಪ್ಯಾಕೇಜುಗಳು, ಅಂದರೆ ಒಂದೊಂದು ಕೆಲಸಕ್ಕೆಂದು ಬರೆದಿಟ್ಟ ಕೋಡಿನ ಕಟ್ಟುಗಳು, ವಾಸವಾಗಿದ್ದವು. ಭಾಷೆಯ ಪ್ರತಿ ಹೊಸ ಆವೃತ್ತಿಗೂ ಪಟ್ಟಿ ಮಾಡಲು ಬಂದ ಪ್ರೋಗ್ರಾಮುಗಳು ಬಾಗಿಲಲ್ಲೇ ಕೂತಿದ್ದ ಹಳೆಯ ಪಟ್ಟಿಯನ್ನು ನಕಲು ಮಾಡಿಕೊಂಡು ಹೊರಟುಬಿಡುತ್ತಿದ್ದವು. ಹೀಗಾಗಿ ಆ ಪಟ್ಟಿಯಾದ ಮೇಲೆ ಕೊನೆಯ ಕೋಣೆಗೆ ಬಂದಿದ್ದ ಪಂಚಾಂಗದ ಪ್ಯಾಕೇಜಿನ ಹೆಸರು ಎಲ್ಲೂ ಇರಲಿಲ್ಲ. ಈ ಸಲವೂ ಬಿಟ್ಟುಹೋದರೆ ಅದನ್ನು ಅಳಿಸಿಹಾಕುವುದೆಂದು ತೀರ್ಮಾನವಾಗಿತ್ತು.

ಈ ಸಲ ಬಂದದ್ದು ಶೋಧಕ ಎಂಬ ಪ್ರೋಗ್ರಾಂ.

“ಬನ್ನಿ ಸ್ವಾಮಿ, ನೂರೈವತ್ತು ಹೆಸರು ತಯಾರಾಗಿವೆ. ಬರೆದುಕೊಂಡು ಹೊರಡಿ,” ಎಂದಿತು ಹಳೆಯ ಪಟ್ಟಿ.

“ನಾನು ಮೊದಲ ಪುಟದಲ್ಲೇ ಇದ್ದೇನೆ ರಾಯರೆ, ಸುಮ್ಮನೆ ಬಂದು ಎಬ್ಬಿಸಬೇಡಿ,” ಎಂದು ಗಣಿತದ ಪ್ಯಾಕೇಜು ಒಳಗಿನಿಂದಲೇ ಕೂಗಿತು.

“ಕೊನೆಯ ಕೋಣೆಯಲ್ಲಿ ಯಾರಿದ್ದಾರೆ?” ಎಂದು ಶೋಧಕ ಕೇಳಿತು.

“ಯಾರೂ ಇಲ್ಲ. ಇದ್ದಿದ್ದರೆ ನನ್ನಲ್ಲಿ ಹೆಸರಿರುತ್ತಿರಲಿಲ್ಲವೇ?” ಎಂದು ಪಟ್ಟಿ ನಕ್ಕಿತು.

“ನೀವು ಹಿಂದೆಂದೋ ಇದ್ದವರನ್ನು ಹೇಳುತ್ತಿದ್ದೀರಿ. ನನಗೆ ಈಗ ಇರುವವರು ಬೇಕು.”

ಶೋಧಕ ಗಣಿತವನ್ನೂ ಬಿಡದೆ ಒಂದೊಂದೇ ಕದ ತಟ್ಟಿ, ಎಲ್ಲರ ಬೈಗುಳ ತಿಂದು, ಕೊನೆಯ ಕೋಣೆಯ ಮುಂದೆ ನಿಂತು ಕೇಳಿತು: “ಒಳಗೆ ಯಾರು? ಹೆಸರು ಹೇಳಿ, ಬರೆದುಕೊಳ್ಳುತ್ತೇನೆ.”