ಮಳೆಗೆ ತಲೆಬಾಗದ ಡೇರೆ

ಸೋಮವಾರಪೇಟೆಯಿಂದ ಆಚೆ ಕಿರುಗುಂದ ಎಂಬ ಹಳ್ಳಿಯಲ್ಲಿ ತಮ್ಮಯ್ಯ ಎಂಬ ಕೃಷಿಕರಿದ್ದರು. ಅವರಿಗಿದ್ದದ್ದು ಮೂವತ್ತು ಗುಂಟೆ ಜಾಗ. ಅದರ ತುಂಬ ಡೇರೆ ಹೂವು. ಪೇಟೆಯವರು ಡೇಲಿಯಾ ಅನ್ನುತ್ತಾರಲ್ಲ, ಅದೇ.

ಹೂವು ಮಾರಿ ಅವರ ಸಂಸಾರ ನಡೆಯುತ್ತಿತ್ತು. ಆದರೆ ತಮ್ಮಯ್ಯನವರ ಮನಸ್ಸೆಲ್ಲ ಇದ್ದದ್ದು ಹೊಸ ಹೂವನ್ನು ಹುಟ್ಟಿಸುವುದರಲ್ಲಿ. ಡೇರೆಯ ಗೆಡ್ಡೆ ನೆಟ್ಟರೆ ಹಳೆಯ ಹೂವೇ ಮತ್ತೆ ಬರುತ್ತದೆ. ಬೀಜ ಬಿತ್ತಿದರೆ ಹಾಗಲ್ಲ. ಒಂದೇ ಹೂವಿನ ಹತ್ತು ಬೀಜ ಹಾಕಿದರೆ ಹತ್ತು ಗಿಡವೂ ಹತ್ತು ಥರ. ಹೆಚ್ಚಿನವನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಬೇಕು. ಎಲ್ಲೋ ಸಾವಿರಕ್ಕೆ ಒಂದು, ನೋಡಿದವರು ನಿಂತುಬಿಡುವಂಥದ್ದು ಬರುತ್ತದೆ. ಆ ಒಂದಕ್ಕಾಗಿ ತಮ್ಮಯ್ಯ ಎಂಟು ವರ್ಷದಿಂದ ಕಾದಿದ್ದರು.

ಅವರಿಗೆ ಬೇಕಾದದ್ದು ಇಷ್ಟೇ: ಮಳೆಯಲ್ಲಿ ತಲೆಬಾಗದ ದೊಡ್ಡ ಹೂವು. ಆ ಕಡೆ ಮಳೆ ಬೇಗ ಬಿಡುವುದಿಲ್ಲ. ಊಟದ ತಟ್ಟೆಯಷ್ಟು ಅಗಲದ ಡೇರೆ ಅರಳುತ್ತಿದ್ದಂತೆಯೇ ಎಸಳುಗಳ ನಡುವೆ ನೀರು ತುಂಬಿ, ಕತ್ತು ಬಗ್ಗಿ, ಮುಖ ನೆಲಕ್ಕೆ ತಿರುಗುತ್ತದೆ. ಬೆಳೆದವರಿಗೆ ಅದನ್ನು ನೋಡುವುದೇ ಸಂಕಟ.

ತಮ್ಮಯ್ಯ ತೆಳು ಕುಂಚದಿಂದ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರುತ್ತಿದ್ದರು. ಜೇನುಹುಳ ಬೇರೆ ಪರಾಗ ತರದಿರಲಿ ಎಂದು ಹೂವಿಗೆ ಬಲೆಯ ಚೀಲ ಕಟ್ಟುತ್ತಿದ್ದರು. ಯಾವ ಹೂವಿಗೆ ಯಾವುದು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಎಷ್ಟು ಮಾಡಿದರೂ ಕತ್ತು ಮಾತ್ರ ಗಟ್ಟಿಯಾಗಲಿಲ್ಲ.

ಪಕ್ಕದ ಮನೆ ದ್ಯಾವಮ್ಮನವರದು. ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದರು. ಅವರ ಬೇಲಿಯುದ್ದಕ್ಕೂ ಒಂಟಿ ಸುತ್ತಿನ ಕೆಂಪು ಡೇರೆ ತಾನಾಗಿಯೇ ಬೆಳೆದು ನಿಂತಿತ್ತು. ಎಂಟೇ ಎಸಳು, ನಡುವೆ ಹಳದಿ, ಕಡ್ಡಿ ಮಾತ್ರ ಕಪ್ಪಗೆ ಗಟ್ಟಿ. ಯಾರೂ ಗೊಬ್ಬರ ಹಾಕಿದ್ದಿಲ್ಲ, ಕೋಲು ಕಟ್ಟಿದ್ದಿಲ್ಲ.

ಒಂದು ದಿನ ತಮ್ಮಯ್ಯ ಬೇಲಿಯ ಹತ್ತಿರ ಹೋಗಿ ಹೇಳಿದರು. "ದ್ಯಾವಮ್ಮ, ಈ ಗಿಡ ಕಿತ್ತುಹಾಕಿಬಿಡಿ. ನಿಮ್ಮ ಹೂವಿನ ಪುಡಿ ಜೇನುಹುಳದ ಕಾಲಿಗೆ ಮೆತ್ತಿಕೊಂಡು ನನ್ನ ತೋಟಕ್ಕೆ ಬರ್ತದೆ. ನನ್ನ ಹೂವಿನ ಜಾತಿ ಕೆಡ್ತದೆ."

"ಇದನ್ನ ನೋಡ್ಕೊಂಡೇ ದಿನಾ ಶಾಲೆಗೆ ಹೋಗೋದು ನಾನು," ಎಂದರು ದ್ಯಾವಮ್ಮ. "ಆದರೂ ನಿಮಗೆ ತೊಂದರೆ ಅಂದ್ರೆ ಒಂದಷ್ಟು ತೆಗೀತೀನಿ."

ಮಾರನೆಯ ದಿನ ಅರ್ಧ ಬೇಲಿ ಖಾಲಿಯಾಗಿತ್ತು. ಉಳಿದರ್ಧ ಹಾಗೇ ಇತ್ತು. ಅರ್ಧ ತೆಗೆದರಲ್ಲ ಎಂದು ತಮ್ಮಯ್ಯನವರಿಗೆ ಅನ್ನಿಸಲಿಲ್ಲ. ಅರ್ಧ ಬಿಟ್ಟರಲ್ಲ ಎಂದೇ ಅನ್ನಿಸಿತು. ಆಮೇಲೆ ಅವರು ಆ ಮನೆಯವರೊಡನೆ ಹೆಚ್ಚು ಮಾತಾಡಲಿಲ್ಲ.

ಆ ವರ್ಷ ಅಕ್ಟೋಬರಿನಲ್ಲಿ, ಹೂವು ಅರಳಿ ಪರಾಗ ಕೂಡಿಸುವ ಹೊತ್ತಿಗೆ ಸರಿಯಾಗಿ, ತಮ್ಮಯ್ಯ ತೋಟದ ಮೆಟ್ಟಿಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮಂಗಳೂರಿನಲ್ಲಿ ಆಪರೇಶನ್ ಆಯಿತು. ಹೆಂಡತಿ ವನಜಾಕ್ಷಿಯೂ ಜೊತೆಗೇ ಇದ್ದರು. ನಲವತ್ತೆಂಟು ದಿನ ಮನೆಗೆ ಬೀಗ.

ಊರಿಗೆ ಬಂದು ನೋಡಿದರೆ ತೋಟ ಒಣಗಿರಲಿಲ್ಲ. ದ್ಯಾವಮ್ಮ ಒಂದು ತಗಡಿನ ಡಬ್ಬಿ ತಂದುಕೊಟ್ಟರು. ಅದರಲ್ಲಿ ಕಪ್ಪಗಿನ ಉದ್ದುದ್ದ ಡೇರೆ ಬೀಜ.

"ನಿಮ್ಮ ದೊಡ್ಡ ಹಳದಿ ಹೂವಿಂದು," ಎಂದರು.

ತಮ್ಮಯ್ಯನವರಿಗೆ ಕಾಲಿನ ನೋವು. ಒಂದು ವರ್ಷದ ಕೆಲಸ ಹಾಳಾಯಿತಲ್ಲ ಎಂಬ ಬೇಸರ ಬೇರೆ. "ಅಲ್ಲಿಡಿ," ಎಂದರು. ವನಜಾಕ್ಷಿ ಕಾಫಿ ಕೊಟ್ಟು ಕಳಿಸಿದರು. ಅಷ್ಟೇ.

ಮರುವರ್ಷ ಮೇ ತಿಂಗಳಲ್ಲಿ ಅವರು ಹಳೆಯ ಬೀಜಗಳ ಜೊತೆಗೆ ಆ ಡಬ್ಬಿಯದನ್ನೂ ಬಿತ್ತಿದರು. ಪ್ರತಿ ಸಾಲಿಗೂ ನಂಬರಿನ ಕಡ್ಡಿ ಚುಚ್ಚಿದರು. ಸೆಪ್ಟೆಂಬರಿನಲ್ಲಿ ಏಳನೇ ಸಾಲಿನ ಒಂದು ಗಿಡ ಅರಳಿತು.

ಮಾಗಿದ ಮಾವಿನಹಣ್ಣಿನ ಬಣ್ಣ. ಎಸಳಿನ ಹಿಂಬದಿ ದ್ರಾಕ್ಷಿ ರಸ ಚೆಲ್ಲಿದ ಹಾಗೆ. ಎರಡು ಕೈ ಜೋಡಿಸಿದರೂ ಹಿಡಿಯದಷ್ಟು ದೊಡ್ಡದು. ಆ ವಾರವೇ ಮೂರು ದಿನ ಬಿಡದೆ ಮಳೆ ಹೊಡೆಯಿತು. ತಮ್ಮಯ್ಯ ಕೊಡೆ ಹಿಡಿದು, ಊರುಗೋಲಿನ ಮೇಲೆ ಭಾರ ಹಾಕಿ, ಹೋಗಿ ನೋಡಿದರು. ಸುತ್ತಲಿನ ಹೂಗಳೆಲ್ಲ ಮುಖ ಕೆಳಗೆ ಮಾಡಿದ್ದವು. ಅದೊಂದು ಮಾತ್ರ ನೆಟ್ಟಗೆ ನಿಂತಿತ್ತು. ಅವರು ಸುಮ್ಮನೆ ನಿಂತರು. ಬಟ್ಟೆ ನೆನೆದದ್ದೂ ತಿಳಿಯಲಿಲ್ಲ.

ಹೊಸ ಹೂವನ್ನು ಒಂದೇ ವರ್ಷ ನೋಡಿ ನಂಬಬಾರದು. ಗೆಡ್ಡೆ ತೆಗೆದು, ಮತ್ತೆ ನೆಟ್ಟು, ಗುಣ ಉಳಿಯುತ್ತದೆಯೇ ನೋಡಬೇಕು. ತಮ್ಮಯ್ಯ ಮೂರು ವರ್ಷ ನೋಡಿದರು. ಗುಣ ಉಳಿಯಿತು. ಸುದ್ದಿ ಹರಡಿತು. ದೂರದ ಊರುಗಳಿಂದ ಜನ ಬಂದು ನೋಡಿದರು. "ನನ್ನ ಇಷ್ಟು ವರ್ಷದ ದುಡಿಮೆ," ಎಂದು ತಮ್ಮಯ್ಯ ಎಲ್ಲರಿಗೂ ಹೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಾವು ಹಿಂದೆ ಕುಂಚ ಹಿಡಿದು ಕೂಡಿಸಿದ ಬೀಜದ್ದೇ ಇದು ಎಂದು ಅವರು ನಿಜವಾಗಿ ನಂಬಿದ್ದರು.

ನಾಲ್ಕನೇ ವರ್ಷ ಜಿಲ್ಲೆಯ ಫಲಪುಷ್ಪ ಪ್ರದರ್ಶನಕ್ಕೆ ಹೂವನ್ನು ಕಳಿಸುವುದೆಂದಾಯಿತು. ನರ್ಸರಿ ನಡೆಸುತ್ತಿದ್ದ ಅವರ ಗೆಳೆಯ ಬೆಳ್ಳಿಯಪ್ಪ ಅರ್ಜಿ ತಂದುಕೊಟ್ಟರು. ಅದರಲ್ಲಿ ಹೂವಿನ ಹೆಸರು, ತಾಯಿ ಗಿಡ, ತಂದೆ ಗಿಡ ಎಲ್ಲ ಬರೆಯಬೇಕು. ಹೆಸರಿನ ಜಾಗದಲ್ಲಿ ತಮ್ಮಯ್ಯ ಆಗಲೇ 'ತಮ್ಮಯ್ಯ ಗೋಲ್ಡ್' ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ತಂದೆ ಗಿಡ ಯಾವುದೆಂದು ನೋಡಲು ಹಳೆಯ ನೋಟ್‌ಬುಕ್ ತೆಗೆದರು.

ಏಳನೇ ಸಾಲಿನ ಎದುರಿಗೆ ಅವರದೇ ಅಕ್ಷರದಲ್ಲಿ ಹೀಗಿತ್ತು: "ದ್ಯಾವಮ್ಮ ಕೊಟ್ಟ ಡಬ್ಬಿಯದು."

ಅವರು ಪುಟ ತಿರುಗಿಸಿ ಹಿಂದಿನ ವರ್ಷ ನೋಡಿದರು. ಆ ವರ್ಷದ ಪುಟಗಳು ಖಾಲಿ. ಆ ವರ್ಷ ಅವರು ಆಸ್ಪತ್ರೆಯಲ್ಲಿದ್ದರು. ಒಂದೂ ಹೂವಿಗೆ ಚೀಲ ಕಟ್ಟಿರಲಿಲ್ಲ, ಒಂದು ಸಲವೂ ಕುಂಚ ಹಿಡಿದಿರಲಿಲ್ಲ. ಪರಾಗ ತಂದದ್ದು ಜೇನುಹುಳ. ಎಲ್ಲಿಂದ ತಂದಿತು ಎಂದು ಕೇಳಬೇಕಾಗಿಯೇ ಇರಲಿಲ್ಲ. ತೋಟಕ್ಕೆ ಹೋಗಿ ಹೊಸ ಗಿಡದ ಕಡ್ಡಿ ನೋಡಿದರು. ಕಪ್ಪಗೆ, ಗಟ್ಟಿಯಾಗಿತ್ತು. ಇಷ್ಟು ವರ್ಷ ಮುಖವನ್ನೇ ನೋಡುತ್ತಿದ್ದವರು ಕಡ್ಡಿಯನ್ನು ನೋಡಿರಲಿಲ್ಲ. ಬೇಲಿಯಾಚೆ ದ್ಯಾವಮ್ಮನ ಕೆಂಪು ಡೇರೆಗಳು ಅದೇ ಕಪ್ಪು ಕಡ್ಡಿಯ ಮೇಲೆ ನಿಂತಿದ್ದವು.

ಬೆಳ್ಳಿಯಪ್ಪನಿಗೆ ಹೇಳಿದಾಗ ಅವರು ನಕ್ಕರು. "ಅದನ್ನೆಲ್ಲ ಯಾರು ನೋಡಿದ್ದಾರೆ ಮಾರಾಯ್ರೆ. ಎರಡು ಒಳ್ಳೆ ಜಾತಿ ಹೆಸರು ಬರೀರಿ. ಬೇಲಿ ಹೂವು, ಜೇನುಹುಳ ಅಂತ ಬರೆದ್ರೆ, ಇವರದ್ದೇನು ಕೆಲಸ, ಅದೃಷ್ಟ ಅಷ್ಟೇ ಅಂತಾರೆ. ಎಂಟು ವರ್ಷ ಮಣ್ಣು ಹೊತ್ತದ್ದು ನೀವಲ್ವಾ?"

ಆ ಮಾತು ತಮ್ಮಯ್ಯನವರಿಗೆ ಹಿತವಾಗಿತ್ತು. ಅದೂ ನಿಜವೇ ತಾನೆ, ಮಣ್ಣು ಹೊತ್ತದ್ದು ಅವರೇ. ಮೂರು ದಿನ ಅರ್ಜಿ ಮೇಜಿನ ಮೇಲೆ ಹಾಗೇ ಇತ್ತು. ನಾಲ್ಕನೇ ದಿನ ವನಜಾಕ್ಷಿ ಕೇಳಿದರು.

"ನಾವು ಮಂಗಳೂರಲ್ಲಿದ್ದಾಗ ಮಳೆ ಇಲ್ಲದ ದಿನವೆಲ್ಲ ತೋಟಕ್ಕೆ ನೀರು ಹಾಕಿದ್ದಕ್ಕೆ ನೀವು ದ್ಯಾವಮ್ಮಂಗೆ ಏನಂದ್ರಿ?"

ತಮ್ಮಯ್ಯ ಯೋಚಿಸಿದರು. ಏನೂ ಅಂದಿರಲಿಲ್ಲ. ನೀರು ಹಾಕಿದ್ದು ಯಾರು ಎಂದೂ ಅವರು ಕೇಳಿರಲಿಲ್ಲ.

ಅವರು ಎದ್ದು ಶರ್ಟು ಹಾಕಿಕೊಂಡು ಪಕ್ಕದ ಮನೆಗೆ ಹೋದರು. ದ್ಯಾವಮ್ಮ ಶಾಲೆಯಿಂದ ಬಂದು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಮ್ಮಯ್ಯ ಹಾಗೆ ಮನೆಗೆ ಬಂದದ್ದು ನೋಡಿ ಅವರಿಗೆ ಗಾಬರಿ.

"ದ್ಯಾವಮ್ಮ, ನನ್ನ ಹೊಸ ಹೂವು ಇದೆಯಲ್ಲ, ಅದರಲ್ಲಿ ನಿಮ್ಮ ಬೇಲಿ ಹೂವು ಸೇರಿದೆ. ಈಗ ಗೊತ್ತಾಯ್ತು."

ದ್ಯಾವಮ್ಮನ ಕೈ ನಿಂತಿತು. "ಹಂಗಾದ್ರೆ ಕೆಟ್ಟೋಯ್ತಾ? ಆವತ್ತೇ ಪೂರ್ತಿ ಕೀಳಬೇಕಿತ್ತು ನಾನು. ಅರ್ಧ ಉಳಿಸ್ಕೊಂಡೆ. ಆಸೆ ನನ್ನದು. ತಪ್ಪಾಯ್ತು."

ತಮ್ಮಯ್ಯ ಜಗಲಿಯ ಅಂಚಿನಲ್ಲಿ ಕೂತರು.

"ಕೆಡಲಿಲ್ಲ," ಎಂದರು. "ಅದರಿಂದಲೇ ಆಯ್ತು. ಎಂಟು ವರ್ಷ ನಾನು ಹುಡುಕ್ತಾ ಇದ್ದ ಗಟ್ಟಿ ಕತ್ತು ನಿಮ್ಮ ಗಿಡದಲ್ಲಿತ್ತು. ನೀವು ಪೂರ್ತಿ ಕಿತ್ತಿದ್ದರೆ ನನಗೆ ಈ ಹೂವೇ ಇಲ್ಲ."

ದ್ಯಾವಮ್ಮ ನಂಬಲೋ ಬೇಡವೋ ಎಂಬಂತೆ ನೋಡಿದರು.

"ಇನ್ನೊಂದು ಕೇಳ್ತೀನಿ," ಎಂದರು ತಮ್ಮಯ್ಯ. "ಆ ವರ್ಷ ನವೆಂಬರಿನಲ್ಲೂ ಮಳೆ ಇತ್ತಂತೆ. ಬೀಜ ಕಟ್ಟಿದ ಹೂವಿನ ಬುರುಡೆ ಗಿಡದಲ್ಲೇ ಕೊಳೀಬೇಕಿತ್ತಲ್ಲ. ಹೇಗೆ ಉಳೀತು?"

"ಒಂದೆರಡಕ್ಕೆ ಬೂಷ್ಟು ಹಿಡಿದಿತ್ತು. ಹಿಂಗೇ ಬಿಟ್ಟರೆ ಎಲ್ಲಾ ಹೋಗ್ತದೆ ಅನ್ನಿಸ್ತು. ಕಡ್ಡಿ ಸಮೇತ ಕತ್ತರಿಸಿ ತಂದು ಒಲೆ ಮೇಲಿನ ಅಟ್ಟಕ್ಕೆ ಕಟ್ಟಿದೆ. ಹದಿನಾಲ್ಕು ಬುರುಡೆ. ದಿನಾ ಒಂದೊಂದಾಗಿ ತಿರುಗಿಸ್ತಿದ್ದೆ, ಒಂದೇ ಕಡೆ ಕಾವು ತಾಗಬಾರದು ಅಂತ."

"ನಾನು ನಿಮ್ಮ ಹತ್ತಿರ ಮಾತು ಬಿಟ್ಟಿದ್ದೆ. ಆದರೂ ಯಾಕೆ ಇಷ್ಟೆಲ್ಲ ಮಾಡಿದ್ರಿ?"

ದ್ಯಾವಮ್ಮ ಮತ್ತೆ ಕಾಯಿ ಸುಲಿಯತೊಡಗಿದರು. "ನಿಮ್ಮ ಮನೆಯವರಿಗೆ ನಿಮ್ಮ ಕಾಲಿಂದೇ ಚಿಂತೆ. ಹೂವಿಂದು ಯಾರಾದ್ರೂ ನೋಡಬೇಕಲ್ಲ. ನೀವು ಅದರ ಹಿಂದೆ ಎಷ್ಟು ಒದ್ದಾಡ್ತೀರಿ ಅಂತ ದಿನಾ ಈ ಕಡೆಯಿಂದ ಕಾಣ್ತಿತ್ತು."

ತಮ್ಮಯ್ಯ ಕೈ ಮುಗಿದರು. ವಯಸ್ಸಿನಲ್ಲಿ ದ್ಯಾವಮ್ಮನಿಗಿಂತ ಹಿರಿಯರು ಅವರು. "ನಾಲ್ಕು ವರ್ಷ ತಡವಾಯ್ತು," ಎಂದರು. "ನಿಮ್ಮಿಂದ ನನಗೆ ದೊಡ್ಡ ಉಪಕಾರ ಆಗಿದೆ."

"ಅಯ್ಯೋ, ಕೂತಿರಿ, ಕಾಫಿ ಕಾಸ್ತೀನಿ," ಎಂದು ದ್ಯಾವಮ್ಮ ಒಳಗೆ ಹೋದರು. ಕಾಫಿ ಬರಲು ಬಹಳ ಹೊತ್ತಾಯಿತು. ಬಂದಾಗ ಅವರ ಕಣ್ಣು ಕೆಂಪಗಿತ್ತು. ಒಲೆಯ ಹೊಗೆ ಎಂದರು. ತಮ್ಮಯ್ಯನವರೂ ಹೌದು ಎಂದರು.

ಮನೆಗೆ ಬಂದು ಅವರು ಪೆನ್ಸಿಲಿನ ಹೆಸರನ್ನು ಅಳಿಸಿ, ಅರ್ಜಿಯನ್ನು ಶಾಯಿಯಲ್ಲಿ ತುಂಬಿದರು.

ಪ್ರದರ್ಶನದಲ್ಲಿ ತೀರ್ಪುಗಾರರು ಬಹಳ ಹೊತ್ತು ಆ ಹೂವಿನ ಮುಂದೆ ನಿಂತರು. ಅರ್ಜಿಯ ವಿವರ ಓದಿ ಒಬ್ಬರು ಕೇಳಿದರು, "ಹಾಗಾದರೆ ಇದರಲ್ಲಿ ನಿಮ್ಮ ಪಾಲು ಏನು?"

"ತಾಯಿ ಗಿಡ ನನ್ನದು. ಬೀಜ ಬಿತ್ತಿದೆ, ಬಂದ ಗಿಡವನ್ನು ಕೀಳದೆ ಉಳಿಸಿದೆ. ಅಷ್ಟು ನನ್ನದು," ಎಂದರು ತಮ್ಮಯ್ಯ.

ಎರಡನೇ ಬಹುಮಾನ ಬಂತು. ಬೆಳ್ಳಿಯಪ್ಪ ಪೇಚಾಡಿಕೊಂಡರು. ತಮ್ಮಯ್ಯನವರಿಗೆ ಹಾಗೇನೂ ಅನ್ನಿಸಲಿಲ್ಲ. ಅವರು ಬೆಳಿಗ್ಗೆಯಿಂದ ಬಾಗಿಲ ಕಡೆಗೇ ನೋಡುತ್ತಿದ್ದರು.

ಮಧ್ಯಾಹ್ನ ವನಜಾಕ್ಷಿಯ ಜೊತೆ ದ್ಯಾವಮ್ಮ ಬಂದರು. ಅಂಥ ಜಾಗಕ್ಕೆ ಅವರು ಬಂದದ್ದು ಅದೇ ಮೊದಲು. ಜನರ ನಡುವೆ ದಾರಿ ಮಾಡಿಕೊಂಡು ಹೂವಿನ ಮುಂದೆ ನಿಂತರು. ಕೆಳಗೊಂದು ಬಿಳಿ ಕಾರ್ಡು. ಅವರಿಗೆ ಓದಲು ಬಾರದು. ವನಜಾಕ್ಷಿ ಹಿಂದೆಲ್ಲೋ ಜನರಲ್ಲಿ ಸಿಕ್ಕಿಕೊಂಡಿದ್ದರು. ಪಕ್ಕದಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬರು ನಿಂತಿದ್ದರು. ಪರಿಚಯದವರಲ್ಲ.

"ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದ್ತೀರಾ?" ಎಂದು ಕೇಳಿದರು ದ್ಯಾವಮ್ಮ.

ಆ ಹೆಂಗಸು ಬಗ್ಗಿ ಓದಿದರು. "ಹೂವಿನ ಹೆಸರು: ನೆರೆಮನೆ. ತಾಯಿ ಗಿಡ: ತಮ್ಮಯ್ಯನವರ ತೋಟದ ದೊಡ್ಡ ಹಳದಿ. ತಂದೆ ಗಿಡ: ಕಿರುಗುಂದದ ದ್ಯಾವಮ್ಮನವರ ಬೇಲಿಯ ಕೆಂಪು ಡೇರೆ. ಬೆಳೆಗಾರ ಆಸ್ಪತ್ರೆಯಲ್ಲಿದ್ದಾಗ ಗಿಡಕ್ಕೆ ನೀರೆರೆದು, ಬೀಜ ಕಾಪಾಡಿ ಕೊಟ್ಟವರು: ದ್ಯಾವಮ್ಮನವರು." ಓದಿ ತಲೆಯೆತ್ತಿದರು. "ಯಾರೋ ಒಳ್ಳೆಯವರು ಕಾಣ್ತದೆ. ನಿಮಗೆ ಗೊತ್ತಾ ಅವರು?"

"ಗೊತ್ತು," ಎಂದರು ದ್ಯಾವಮ್ಮ. ಕಾರ್ಡಿನ ಕಡೆಗೆ ಬೆರಳು ತೋರಿಸಿ, "ಇನ್ನೊಂದು ಸಲ ಓದ್ತೀರಾ, ತಾಯಿ?" ಎಂದರು.

ನೀತಿ: ನಮ್ಮದು ಎಂದು ನಾವು ಹೆಮ್ಮೆಪಡುವ ಯಾವ ಕೆಲಸವೂ ನಮ್ಮೊಬ್ಬರಿಂದಲೇ ಆದದ್ದಲ್ಲ. ನಾವು ಇಲ್ಲದಿದ್ದಾಗ ಯಾರೋ ನೀರೆರೆದಿರುತ್ತಾರೆ. ನಾವು ಬೇಡವೆಂದದ್ದರಿಂದಲೇ ನಮಗೆ ಬೇಕಾದದ್ದು ಬಂದಿರುತ್ತದೆ. ಅದು ತಿಳಿದ ದಿನವೇ ಹೋಗಿ ಹೇಳಬೇಕು. ಅವರ ಹೆಸರನ್ನು ನಾಲ್ಕು ಜನರ ಮುಂದೆ, ಅವರಿಗೂ ಕೇಳಿಸುವ ಹಾಗೆ ಹೇಳಬೇಕು. ಹಾಗೆ ಹೇಳಿದವರು ತಮ್ಮದೇನನ್ನೂ ಕಳೆದುಕೊಳ್ಳುವುದಿಲ್ಲ.