ಟ್ರಯಲ್‌ಗೆ ಮುಂಚಿನ ಐದು ಲೀಟರ್

ಘಟ್ಟದ ಬುಡದಲ್ಲಿ ಗೌಸುಮಿಯಾ ಉಸ್ತಾದರ ಗ್ಯಾರೇಜು. ಶಿಷ್ಯ ಹುಲಿಗೆಪ್ಪ ಅಲ್ಲಿ ಪಾನಾ ಹಿಡಿದು ಏಳು ವರ್ಷವಾಗಿತ್ತು.

"ಉಸ್ತಾದರ, ನನ್ನದ ಒಂದು ಗ್ಯಾರೇಜ್ ಹಾಕ್ತೀನ್ರಿ. ಅಪ್ಪಣೆ ಕೊಡ್ರಿ."

"ಮೊದಲ ದಾನಮ್ಮ ಸಿಸ್ಟರ್ ಕಾರ್ ಸರಿಮಾಡು. ಆಮ್ಯಾಲೆ ಮಾತಾಡೂಣು."

ದಾನಮ್ಮ ಘಟ್ಟದ ಮೇಲಿನ ಹಳ್ಳಿಗಳ ನರ್ಸು. ಅವಳ ಹಳೇ ಕಾರು ನೆಟ್ಟನೆಯ ದಾರಿಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ತಿರುವು ಬಂದರೆ ಮಾತ್ರ ಮುಗ್ಗರಿಸುತ್ತಿತ್ತು. ಹೋದ ವಾರ ಹೆರಿಗೆ ನೋವಿನ ಹೆಂಗಸನ್ನು ಕರೆತರುವಾಗ ತಿರುವಿನಲ್ಲೇ ನಿಂತುಬಿಟ್ಟಿತ್ತು.

ಹುಲಿಗೆಪ್ಪ ಪ್ಲಗ್ ಬದಲಿಸಿದ. ಕಾರ್ಬುರೇಟರ್ ಬಿಚ್ಚಿ ತೊಳೆದ. ಮೂರು ದಿನ ಘಟ್ಟ ಹತ್ತಿಸಿ ಇಳಿಸಿದ. ಕಾರು ಒಮ್ಮೆಯೂ ಮುಗ್ಗರಿಸಲಿಲ್ಲ.

"ಕಾರಿಗೇನೂ ಆಗಿಲ್ರಿ," ಎಂದು ದಾನಮ್ಮನಿಗೆ ನಗುತ್ತ ಹೇಳಿದ. "ಕುಣಿಯಾಕ ಬರದಾಕಿ ನೆಲ ಡೊಂಕು ಅಂದಳಂತ."

ದಾನಮ್ಮನ ಮುಖ ಕೆಂಪಾಯಿತು. ಕಾರು ತೆಗೆದುಕೊಂಡು ಹೋದಳು.

ವಾರ ಕಳೆದು ಮತ್ತೆ ಬಂದಳು. ಕಾರು ಮತ್ತೆ ತಿರುವಿನಲ್ಲಿ ನಿಂತುಬಿಟ್ಟಿತ್ತಂತೆ.

ಉಸ್ತಾದರು ಶಿಷ್ಯನನ್ನು ಕರೆದರು. "ಟ್ರಯಲ್ ಹೋಗೋ ಮೊದಲು ಏನು ಮಾಡಿದಿ?"

"ದಿನಾ ಐದು ಲೀಟರ್ ಪೆಟ್ರೋಲ್ ಹಾಕಿದೆ. ನೀವ ಕಲಿಸಿದ್ದಲ್ಲೇನ್ರಿ?"

"ಇವತ್ತು ಹಾಕಬ್ಯಾಡ. ಆಕಿ ನಡೆಸಲಿ. ನೀ ಹಿಂದ ಬಾಯಿ ಮುಚ್ಚಿಕೊಂಡು ಕೂಡು."

ಮೂರನೇ ತಿರುವಿನಲ್ಲಿ ಕಾರು ಮುಗ್ಗರಿಸಿತು. ಪೆಟ್ರೋಲಿನ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿತ್ತು. ಹುಲಿಗೆಪ್ಪ ಇಳಿದು ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟ. ತುದಿ ಮಾತ್ರ ಒದ್ದೆಯಾಯಿತು.

ಮುಳ್ಳು ಕೆಟ್ಟು ಎಷ್ಟು ದಿನವಾಗಿತ್ತೋ! ತಿರುವಿನಲ್ಲಿ ತಳದ ಪೆಟ್ರೋಲ್ ಒಂದು ಕಡೆಗೆ ಸರಿದರೆ ಎಂಜಿನ್ನಿಗೆ ಸಿಗುತ್ತಿದ್ದದ್ದು ಬರೀ ಗಾಳಿ. ಅವನು ದಿನಾ ಸುರಿದ ಐದು ಲೀಟರೇ ರೋಗವನ್ನು ಮುಚ್ಚಿತ್ತು.

"ತಪ್ಪಾತ್ರಿ ಅಕ್ಕಾರ," ಎಂದ. ನಾಚಿಕೆಯಿಂದ ಕತ್ತು ಎತ್ತಲಾಗಲಿಲ್ಲ.

"ಮೊದಲ ಕಾರ್ ಸರಿಮಾಡಪ್ಪಾ," ಎಂದಳು ದಾನಮ್ಮ. "ಮ್ಯಾಲಿನ ಹಳ್ಳ್ಯಾಗ ದಿನ ತುಂಬಿದವರು ಇಬ್ಬರದಾರ."

ಹುಲಿಗೆಪ್ಪ ಮುಳ್ಳು ಸರಿಮಾಡಿ, ಟ್ಯಾಂಕ್ ತುಂಬಿಸಿ, ಅವಳನ್ನು ಕಳಿಸಿ, ಉಸ್ತಾದರ ಮುಂದೆ ಬಂದು ನಿಂತ.

"ನನಗ ಈಗ ಅಪ್ಪಣೆ ಬ್ಯಾಡ್ರಿ. ಇನ್ನೂ ಕಲೀಬೇಕು."

ಉಸ್ತಾದರು ಮೂಲೆಯಲ್ಲಿದ್ದ ಪೆಟ್ರೋಲ್ ಕ್ಯಾನ್ ತಂದು ಅವನ ಕೈಗಿಟ್ಟರು.

"ಸುರುವು ಅಂತ ಕಲಿಸಿದಾಂವ ನಾನ. ಸುರುವೋ ಮೊದಲು ಬಗ್ಗಿ ನೋಡು ಅಂತ ಹೇಳೋದು ಮರ್ತಿದ್ದೆ. ಇವತ್ತು ಹೇಳೀನಿ. ನಿನ್ನ ಗ್ಯಾರೇಜ್ ಹಾಕು, ಹೋಗಿ ಬಾ."