ರಾಣಿ ಅಳತೆಯ ಹಂಚು

ವೇಲ್ಸ್ ನಾಡಿನ ಒಂದು ಗಣಿಯಲ್ಲಿ ಸ್ಲೇಟುಕಲ್ಲು ಸೀಳಿ ಮನೆಗಳಿಗೆ ಹಂಚು ಮಾಡುತ್ತಿದ್ದರು. ದೊಡ್ಡ ಅಳತೆಯ ಹಂಚಿಗೆ ರಾಣಿ, ನಡುವಿನದಕ್ಕೆ ಡಚೆಸ್, ಚಿಕ್ಕದಕ್ಕೆ ಲೇಡಿ ಎಂದು, ಆ ನಾಡಿನ ಸಿರಿವಂತ ಹೆಂಗಸರ ಪದವಿಗಳದೇ ಹೆಸರು. ಪಕ್ಕದಲ್ಲೇ ಒಡೆದ ಕಲ್ಲುಗಳನ್ನು ಸುರಿದು ಸುರಿದು, ಊರಿನ ಚರ್ಚಿಗಿಂತ ಎತ್ತರದ ಗುಡ್ಡೆಯಾಗಿತ್ತು.

ಕಲ್ಲು ಸೀಳುವ ಗ್ವಿಲಿಮ್ ಒಂದು ದಿನ ಉಳಿಯಿಂದ ಅಂಚು ಸಮ ಮಾಡಲು ಒಂದು ರಾಣಿಯನ್ನು ಕೈಗೆತ್ತಿಕೊಂಡ.

"ನಾನು ಅರಮನೆಗೆ ಹೋಗುವವಳು. ದೂರ ಸರಿ," ಎಂದು ರಾಣಿ ಗುಡ್ಡೆಗೆ ಗದರಿದಳು.

"ನಾನು ಗುಡ್ಡೆ, ತಾಯಿ. ಸರಿದರೆ ಊರೇ ಮುಚ್ಚಿಹೋಗುತ್ತದೆ."

ರಾಣಿ ಸಿಟ್ಟಿನಿಂದ ಅದುರಿದಳು. ಉಳಿ ಜಾರಿ ಮೂಲೆ ಮುರಿಯಿತು. ಗ್ವಿಲಿಮ್ ಅಂಚು ಕತ್ತರಿಸಿ, "ಇನ್ನು ನೀನು ಡಚೆಸ್," ಎಂದ.

"ಆಗಲಿ, ಜಮೀನ್ದಾರರ ಬಂಗಲೆಗೆ ಹೋಗುತ್ತೇನೆ," ಎಂದು ಅವಳು ಸೆಟೆದಳು. ಇನ್ನೊಂದು ಮೂಲೆಯೂ ಹೋಯಿತು.

"ಲೇಡಿ," ಎಂದು ಗ್ವಿಲಿಮ್ ನಿಟ್ಟುಸಿರಿಟ್ಟ.

"ಪಾದ್ರಿಗಳ ಮನೆಯೇನು ಕಡಿಮೆಯೇ?" ಎನ್ನುವಷ್ಟರಲ್ಲಿ ಹಂಚು ನಡುವೆಯೇ ಬಿರುಕು ಬಿಟ್ಟಿತು. ಗ್ವಿಲಿಮ್ ಈ ಸಲ ಯಾವ ಹೆಸರನ್ನೂ ಹೇಳದೆ ಅವಳನ್ನು ಗುಡ್ಡೆಗೆ ಎಸೆದ.

"ಎದ್ದು ನಿಲ್ಲಿ! ರಾಣಿ ಬಂದಿದ್ದಾಳೆ!" ಎಂದು ಅವಳು ಬಿದ್ದಲ್ಲಿಂದಲೇ ಕೂಗಿದಳು.

"ಬಾ ತಾಯಿ," ಎಂದಿತು ಕೆಳಗಿನ ಚೂರು. "ಇಲ್ಲಿ ಬಿದ್ದವರೆಲ್ಲ ರಾಣಿಯರೇ. ನಮ್ಮನ್ನು ಕಂಡು ಎದ್ದು ನಿಲ್ಲುವ ಒಬ್ಬ ದಾಸಿಯಾದರೂ ಬರಲೆಂದು ನೂರು ವರ್ಷದಿಂದ ಕಾಯುತ್ತಿದ್ದೇವೆ."